ಹಸಿರಿನ ಕೆಳಗೆ ಕೆಂಪು, ಕೆಂಪಿನ ಕೆಳಗೆ ಹಸಿರು

ಅಂಚೆಪೆಟ್ಟಿಗೆ ಎಂದರೆ ಕೆಂಪು. ಅದು ಹಾಗೇಕೆ ಎಂದು ನಾವು ಯಾರೂ ಕೇಳಿದವರಲ್ಲ. ಬೀದಿಯ ಚಿತ್ರ ಬರೆಯಲು ಹೇಳಿದರೆ ನಮ್ಮ ಮಗು ಅಂಚೆಪೆಟ್ಟಿಗೆಗೆ ಕೆಂಪು ಬಣ್ಣದ ಕಡ್ಡಿಯನ್ನೇ ಎತ್ತಿಕೊಳ್ಳುತ್ತದೆ. ಆದರೆ ಐರ್ಲೆಂಡಿನ ಮಗು ಹಸಿರು ಕಡ್ಡಿಯನ್ನು ಎತ್ತಿಕೊಳ್ಳುತ್ತದೆ. ಡಬ್ಲಿನ್, ಕಾರ್ಕ್, ಗಾಲ್ವೇ ನಗರಗಳ ಬೀದಿಬೀದಿಗಳಲ್ಲಿ ನಿಂತಿರುವ ಅಂಚೆಪೆಟ್ಟಿಗೆಗಳೆಲ್ಲ ಹಸಿರು. ದೂರದಿಂದ ನೋಡಿದವರಿಗೆ ಇದು ಆ ದೇಶದ ರಾಷ್ಟ್ರೀಯ ಬಣ್ಣ ಎನಿಸುತ್ತದೆ. ಹತ್ತಿರ ಹೋಗಿ ನೋಡಿದರೆ ಹಸಿರು ಬಣ್ಣದ ಅಡಿಯಲ್ಲಿ ಕಬ್ಬಿಣದಲ್ಲೇ ಎರಕ ಹೊಯ್ದ ಒಂದು ಕಿರೀಟ ಕಾಣಿಸುತ್ತದೆ. ಅದರ ಜೊತೆ ವಿಕ್ಟೋರಿಯಾ ರಾಣಿಯ ‘ವಿ ಆರ್’ ಎಂಬ ಅಕ್ಷರಗಳೋ, ಏಳನೇ ಎಡ್ವರ್ಡ್ ಅಥವಾ ಐದನೇ ಜಾರ್ಜ್ ದೊರೆಯ ಮೊದಲಕ್ಷರಗಳೋ ಇರುತ್ತವೆ.

ಬ್ರಿಟಿಷರ ಆಳ್ವಿಕೆಯ ವಿರುದ್ಧ ಆಯುಧ ಹಿಡಿದು ಹೋರಾಡಿ ಸ್ವತಂತ್ರವಾದ ದೇಶವೊಂದು, ಬ್ರಿಟಿಷ್ ಅರಸರ ಮುದ್ರೆ ಹೊತ್ತ ಪೆಟ್ಟಿಗೆಗಳನ್ನು ನೂರು ವರ್ಷಗಳಿಂದ ಬೀದಿಯಲ್ಲಿ ಉಳಿಸಿಕೊಂಡಿದೆ. ಉಳಿಸಿಕೊಂಡಿರುವುದು ಮಾತ್ರವಲ್ಲ, ತುಕ್ಕು ಹಿಡಿಯದಂತೆ ಬಣ್ಣ ಬಳಿದು ಕಾಪಾಡುತ್ತಿದೆ. ಬಣ್ಣದ ರಾಜಕೀಯವನ್ನು ದಿನವೂ ನೋಡುತ್ತಿರುವ ನಮಗೆ ಈ ಕತೆಯಲ್ಲಿ ತಿಳಿಯಬೇಕಾದ ಸಂಗತಿಗಳಿವೆ.

ಸಾಮ್ರಾಜ್ಯದ ಬಣ್ಣವನ್ನು ನಿರ್ಧರಿಸಿದ್ದು ಖರ್ಚು

ಬ್ರಿಟನ್ನಿನ ಅಂಚೆ ಇಲಾಖೆಯಲ್ಲಿ ಆ್ಯಂಟನಿ ಟ್ರೋಲಪ್ ಎಂಬ ಅಧಿಕಾರಿಯಿದ್ದರು. ಇಂದು ಜನ ಅವರನ್ನು ನೆನೆಯುವುದು ಕಾದಂಬರಿಕಾರರಾಗಿ. 1841ರಿಂದ ಹಲವು ವರ್ಷ ಅವರು ಐರ್ಲೆಂಡಿನಲ್ಲಿ ಕೆಲಸ ಮಾಡಿದರು. ಫ್ರಾನ್ಸ್ ದೇಶದಲ್ಲಿ ರಸ್ತೆ ಬದಿಯಲ್ಲೇ ಪತ್ರ ಹಾಕಲು ಪೆಟ್ಟಿಗೆಗಳಿರುವುದು ಅವರಿಗೆ ಗೊತ್ತಿತ್ತು. ಇಂಗ್ಲಿಷ್ ಕಾಲುವೆಯ ದ್ವೀಪಗಳಲ್ಲೂ ಹಾಗೆ ಮಾಡಬಹುದು ಎಂದು ಅವರು ಸಲಹೆ ಕೊಟ್ಟರು. 1852ರ ನವೆಂಬರ್‌ನಲ್ಲಿ ಜರ್ಸಿ ದ್ವೀಪದ ಸೇಂಟ್ ಹೆಲಿಯರ್ ಪಟ್ಟಣದಲ್ಲಿ ಮೊದಲ ಪೆಟ್ಟಿಗೆಗಳು ನಿಂತವು. ಮರುವರ್ಷ ಇಂಗ್ಲೆಂಡಿನ ಕಾರ್ಲೈಲ್ ನಗರಕ್ಕೂ ಒಂದು ಬಂತು. 1855ರ ಹೊತ್ತಿಗೆ ಐರ್ಲೆಂಡಿನ ಬೀದಿಗಳಿಗೂ ಬಂದವು.

ಆರಂಭದಲ್ಲಿ ಒಂದೊಂದು ಊರಿನಲ್ಲಿ ಒಂದೊಂದು ಆಕಾರ. 1859ರಲ್ಲಿ ಇಲಾಖೆ ಒಂದೇ ಮಾದರಿಯನ್ನು ಗೊತ್ತುಮಾಡಿತು. ಬಣ್ಣವನ್ನೂ ಗೊತ್ತುಮಾಡಿತು. ಆ ಬಣ್ಣ ಹಸಿರು! ಬೀದಿಯ ನೋಟಕ್ಕೆ, ಮರಗಿಡಗಳಿಗೆ ಹೊಂದಿಕೊಂಡು ಕಣ್ಣಿಗೆ ಚುಚ್ಚದಂತೆ ಇರಲಿ ಎಂಬುದು ಉದ್ದೇಶ. ಆದರೆ ಅದೇ ತೊಡಕಾಯಿತು. ಪೆಟ್ಟಿಗೆ ಎಲ್ಲಿದೆ ಎಂದು ಜನರಿಗೆ ಕಾಣಿಸುತ್ತಿರಲಿಲ್ಲ. ದೂರುಗಳು ಬಂದವು. ಬೇರೆ ಬಣ್ಣ ಹುಡುಕುವಾಗ ಗಾಢ ಕಂದು ಬಣ್ಣವೂ ಪರಿಶೀಲನೆಗೆ ಬಂತು. ಅದು ಚೆನ್ನಾಗಿ ಕಾಣಬೇಕಾದರೆ ಮೇಲೊಂದು ಕೋಟ್ ವಾರ್ನಿಷ್ ಬೇಕಾಗುತ್ತಿತ್ತು. ಸಾವಿರಾರು ಪೆಟ್ಟಿಗೆಗಳಿಗೆ ಒಂದು ಕೋಟ್ ಹೆಚ್ಚು ಎಂದರೆ ಅಷ್ಟು ಹೆಚ್ಚು ಎಣ್ಣೆ, ಅಷ್ಟು ಹೆಚ್ಚು ಕೂಲಿ. ಅದು ಬೇಡವೆಂದಾಯಿತು. 1874ರಲ್ಲಿ ಕೆಂಪನ್ನು ಆರಿಸಿದರು. ಇದ್ದ ಪೆಟ್ಟಿಗೆಗಳನ್ನೆಲ್ಲ ಹಸಿರಿನಿಂದ ಕೆಂಪಿಗೆ ತಿರುಗಿಸಲು ಸುಮಾರು 10 ವರ್ಷ ಹಿಡಿಯಿತು.

ಇಲ್ಲಿ ನಾವು ಗಮನಿಸಬೇಕಾದ ಒಂದು ಸಂಗತಿಯಿದೆ. ಸೂರ್ಯ ಮುಳುಗದ ಸಾಮ್ರಾಜ್ಯದ ಗುರುತು ಎಂದು ಮುಂದೆ ಜಗತ್ತಿನಾದ್ಯಂತ ಹೆಸರಾದ ಆ ಕೆಂಪು ಬಣ್ಣ ಯಾವ ಮಹತ್ತರ ತತ್ವದಿಂದಲೂ ಹುಟ್ಟಿದ್ದಲ್ಲ. ಜನರ ಕಣ್ಣಿಗೆ ಬೀಳಬೇಕು, ನಿರ್ವಹಣೆಗೆ ಖರ್ಚು ಕಡಿಮೆಯಾಗಬೇಕು ಎಂಬ ಲೆಕ್ಕಾಚಾರದಿಂದ ಹುಟ್ಟಿದ್ದು. ಅದಕ್ಕೆ ಗೌರವ, ಹೆಮ್ಮೆ, ಆಮೇಲೆ ದ್ವೇಷ ಎಲ್ಲ ಅಂಟಿಕೊಂಡದ್ದು ನಂತರ.

1922ರ ಹಸಿರು

1916ರ ಏಪ್ರಿಲ್ 24, ಈಸ್ಟರ್ ಸೋಮವಾರ. ಐರಿಷ್ ದಂಗೆಕೋರರು ಡಬ್ಲಿನ್ನಿನ ಪ್ರಧಾನ ಅಂಚೆ ಕಚೇರಿಯನ್ನು ವಶಪಡಿಸಿಕೊಂಡು ಅದನ್ನೇ ತಮ್ಮ ಕೇಂದ್ರವಾಗಿಸಿಕೊಂಡರು. ಅದರ ಮುಂದೆ ನಿಂತು ಗಣರಾಜ್ಯದ ಘೋಷಣೆಯನ್ನು ಓದಿದರು. ಒಂದು ವಾರದೊಳಗೆ ದಂಗೆ ಅಡಗಿತು. ಫಿರಂಗಿಗೆ ಸಿಕ್ಕಿ ಕಟ್ಟಡದ ಒಳಭಾಗ ಸುಟ್ಟುಹೋಯಿತು. ನಾಯಕರನ್ನು ಗುಂಡಿಟ್ಟು ಕೊಂದರು. ಆಮೇಲೆ 1919ರಿಂದ ಗೆರಿಲ್ಲಾ ಯುದ್ಧ ನಡೆಯಿತು. 1921ರ ಡಿಸೆಂಬರ್ 6ರಂದು ಒಪ್ಪಂದವಾಯಿತು. 1922ರ ಆರಂಭದಲ್ಲಿ ತಾತ್ಕಾಲಿಕ ಸರಕಾರ ಅಧಿಕಾರ ವಹಿಸಿಕೊಂಡಿತು.

ಹೊಸ ಸರಕಾರದ ಕೈಯಲ್ಲಿ ಹಣವಿರಲಿಲ್ಲ. ಸ್ವಂತ ಅಂಚೆಚೀಟಿ ಮುದ್ರಿಸಲು ಸಮಯವೂ ಇರಲಿಲ್ಲ. ಆದ್ದರಿಂದ ಐದನೇ ಜಾರ್ಜ್ ದೊರೆಯ ಮುಖವಿದ್ದ ಬ್ರಿಟಿಷ್ ಅಂಚೆಚೀಟಿಗಳ ಮೇಲೆಯೇ ಐರಿಷ್ ಭಾಷೆಯಲ್ಲಿ ‘ಐರ್ಲೆಂಡಿನ ತಾತ್ಕಾಲಿಕ ಸರಕಾರ’ ಎಂದು ಕಪ್ಪು ಶಾಯಿಯಲ್ಲಿ ಮುದ್ರೆ ಒತ್ತಿ ಫೆಬ್ರವರಿಯಲ್ಲಿ ಮಾರಾಟಕ್ಕಿಟ್ಟರು. ಅಂಚೆಪೆಟ್ಟಿಗೆಗಳಿಗೂ ಇದೇ ನ್ಯಾಯ. ಎರಕದ ಕಬ್ಬಿಣದ ಪೆಟ್ಟಿಗೆಗಳನ್ನು ಕಿತ್ತು ಹೊಸದು ನಿಲ್ಲಿಸಲು ಆಗುತ್ತಿರಲಿಲ್ಲ. ಬಣ್ಣ ಮಾತ್ರ ಬದಲಿಸಬಹುದಾಗಿತ್ತು. ಕೆಂಪಿನ ಮೇಲೆ ಹಸಿರು ಬಳಿಯಲು ಆದೇಶವಾಯಿತು. ಆಗ ಅಂಚೆಯ ಹೊಣೆ ಹೊತ್ತಿದ್ದ ಜೆ. ಜೆ. ವಾಲ್ಶ್ ಹಿಂದೆ ಕಾರ್ಕ್ ನಗರದಲ್ಲಿ ಅಂಚೆ ನೌಕರರಾಗಿದ್ದವರು. 1916ರಲ್ಲಿ ಅದೇ ಪ್ರಧಾನ ಅಂಚೆ ಕಚೇರಿಯಲ್ಲಿದ್ದು ಹೋರಾಡಿದವರು.

ದೊರೆಗೆ ನಿಷ್ಠೆಯ ಪ್ರಮಾಣ ಮಾಡಬೇಕೆಂಬ ಒಪ್ಪಂದದ ಕಲಮು ಐರಿಷರನ್ನು ಎರಡು ಪಾಲಾಗಿಸಿತು. 1922ರ ಜೂನ್‌ನಿಂದ 1923ರ ಮೇವರೆಗೆ ಅಂತರ್ಯುದ್ಧವೇ ನಡೆಯಿತು. ನಿನ್ನೆಯವರೆಗೆ ಒಂದೇ ಕಂದಕದಲ್ಲಿದ್ದವರು ಪರಸ್ಪರ ಗುಂಡು ಹಾರಿಸಿದರು. ದೊರೆಯ ಹೆಸರಿಗಾಗಿ ಇಷ್ಟೆಲ್ಲ ನಡೆದ ಅದೇ ಬೀದಿಗಳಲ್ಲಿ ದೊರೆಯ ಮೊದಲಕ್ಷರಗಳು ಹಸಿರು ಬಣ್ಣದ ಅಡಿಯಲ್ಲಿ ನಿಂತೇ ಇದ್ದವು. ಜನ ಅವುಗಳೊಳಗೆ ಕಾಗದ ಹಾಕುತ್ತಲೇ ಇದ್ದರು.

ಇಲ್ಲಿ ಒಂದು ವಿಚಿತ್ರವೂ ಇದೆ. 1866ರಿಂದ 1879ರ ನಡುವೆ ಪೆನ್‌ಫೋಲ್ಡ್ ಎಂಬ ವಾಸ್ತುಶಿಲ್ಪಿಯ ಆರು ಮೂಲೆಯ ಪೆಟ್ಟಿಗೆಗಳು ಬಳಕೆಗೆ ಬಂದವು. ಅವುಗಳಲ್ಲಿ ಕೆಲವು ಐರ್ಲೆಂಡಿನಲ್ಲಿ ಇಂದಿಗೂ ಉಳಿದಿವೆ. 1874ಕ್ಕಿಂತ ಮೊದಲು ನಿಲ್ಲಿಸಿದ ಅಂಥ ಒಂದು ಪೆಟ್ಟಿಗೆಯ ಬಣ್ಣವನ್ನು ಪದರಪದರವಾಗಿ ಕೆರೆಯುತ್ತ ಹೋದರೆ ಏನು ಸಿಗಬೇಕು? ಮೇಲೆ ಸ್ವತಂತ್ರ ಐರ್ಲೆಂಡಿನ ಹಸಿರು. ಅದರ ಕೆಳಗೆ ಸಾಮ್ರಾಜ್ಯದ ಕೆಂಪು. ಅದರ ಕೆಳಗೆ ಮತ್ತೆ ಹಸಿರು, ಅದೂ ವಿಕ್ಟೋರಿಯಾ ರಾಣಿಯ ಹಸಿರು! ರಾಷ್ಟ್ರೀಯವಾದಿಗಳು ಬ್ರಿಟಿಷ್ ಬಣ್ಣವನ್ನು ಅಳಿಸಿ ತಮ್ಮ ಬಣ್ಣ ಬಳಿದೆವು ಎಂದುಕೊಂಡರು. ಕಬ್ಬಿಣದ ಲೆಕ್ಕದಲ್ಲಿ ಅದು ಹಳೆಯ ಬಣ್ಣಕ್ಕೇ ಮರಳಿತ್ತು. ಯಾವ ಬಣ್ಣವೂ ಹುಟ್ಟಿನಿಂದ ಯಾರದ್ದೂ ಅಲ್ಲ ಎಂಬುದಕ್ಕೆ ಇದಕ್ಕಿಂತ ಗಟ್ಟಿ ಸಾಕ್ಷಿ ಬೇಕಿಲ್ಲ.

ಬಣ್ಣ ಬದಲಾಯಿತು, ಕೂಲಿ?

ಬಣ್ಣದ ಬದಲಾವಣೆಯನ್ನು ಹೊಗಳಿ ನಿಲ್ಲಿಸಿದರೆ ಚರಿತ್ರೆ ಅರ್ಧವಾಗುತ್ತದೆ. ಪೆಟ್ಟಿಗೆಗಳು ಹಸಿರಾದ ಅದೇ 1922ರ ಸೆಪ್ಟೆಂಬರ್‌ನಲ್ಲಿ ಐರ್ಲೆಂಡಿನ ಅಂಚೆ ನೌಕರರು ಮುಷ್ಕರ ಹೂಡಿದರು. ಜೀವನ ವೆಚ್ಚಕ್ಕೆಂದು ಕೊಡುತ್ತಿದ್ದ ಭತ್ಯೆಯನ್ನು ಹೊಸ ಸರಕಾರ ಕಡಿತ ಮಾಡಿದ್ದು ಕಾರಣ. ಸರಕಾರಿ ನೌಕರರಿಗೆ ಮುಷ್ಕರ ಮಾಡುವ ಹಕ್ಕೇ ಇಲ್ಲ ಎಂದು ಸರಕಾರ ಹೇಳಿತು. ಪಿಕೆಟಿಂಗ್ ಮಾಡುತ್ತಿದ್ದವರ ಎದುರು ಸೈನಿಕರನ್ನು ನಿಲ್ಲಿಸಿತು. ಸುಮಾರು ಮೂರು ವಾರಗಳ ನಂತರ ಮುಷ್ಕರ ಮುಗಿಯಿತು. ಹಿಂದೆ ತಾನೇ ಅಂಚೆ ನೌಕರನಾಗಿದ್ದ ಸಚಿವರು ಆಗ ನಿಂತಿದ್ದು ನೌಕರರ ಎದುರು ಪಾಳೆಯದಲ್ಲಿ.

ಕಬ್ಬಿಣದ ಮೇಲೆ ಹಸಿರು ಬಳಿಯುವುದು ಸುಲಭ. ಆ ಪೆಟ್ಟಿಗೆಯ ಬಾಗಿಲು ತೆರೆದು ಕಾಗದ ಹೊತ್ತೊಯ್ಯುವವನ ಮನೆಯ ಒಲೆ ಉರಿಯುವಂತೆ ನೋಡಿಕೊಳ್ಳುವುದು ಕಷ್ಟ. ಸ್ವಾತಂತ್ರ್ಯ ಬಂದ ಬಹಳಷ್ಟು ದೇಶಗಳಲ್ಲಿ ಮೊದಲನೆಯದು ಬೇಗ ಆಯಿತು, ಎರಡನೆಯದು ಹಿಂದೆ ಬಿತ್ತು.

ಒಡೆದದ್ದು, ಸಾಗಿಸಿದ್ದು, ಬಳಿದದ್ದು

ಹಳೆಯ ಆಳ್ವಿಕೆ ಬಿಟ್ಟುಹೋದ ಗುರುತುಗಳನ್ನು ಐರಿಷರು ಒಂದೇ ರೀತಿಯಲ್ಲಿ ನೋಡಲಿಲ್ಲ. ಪ್ರಧಾನ ಅಂಚೆ ಕಚೇರಿಯ ಹತ್ತಿರವೇ, ಬೀದಿಯ ನಡುವೆ, ಬ್ರಿಟಿಷ್ ನೌಕಾಪಡೆಯ ನಾಯಕ ನೆಲ್ಸನ್‌ನ ಎತ್ತರದ ಸ್ತಂಭವಿತ್ತು. 1966ರ ಮಾರ್ಚ್ 8ರ ನಸುಕಿನಲ್ಲಿ ಅದನ್ನು ಬಾಂಬಿಟ್ಟು ಉರುಳಿಸಿದರು. ಸಂಸತ್ ಭವನವಾದ ಲೀನ್‌ಸ್ಟರ್ ಹೌಸ್ ಮುಂದೆ ವಿಕ್ಟೋರಿಯಾ ರಾಣಿಯ ಪ್ರತಿಮೆಯಿತ್ತು. ಅದನ್ನು 1948ರಲ್ಲಿ ಇಳಿಸಿದರು. ದಶಕಗಳ ಕಾಲ ಮೂಲೆಯಲ್ಲಿ ಬಿದ್ದಿದ್ದ ಅದು 1980ರ ದಶಕದಲ್ಲಿ ಆಸ್ಟ್ರೇಲಿಯಾದ ಸಿಡ್ನಿಗೆ ಹೋಯಿತು. ಈಗ ಅಲ್ಲಿನ ಬೀದಿಯಲ್ಲಿ ಕುಳಿತಿದೆ. ಅದೇ ರಾಣಿಯ ಹೆಸರಿನ ಪೆಟ್ಟಿಗೆಗಳು ಮಾತ್ರ ಡಬ್ಲಿನ್ನಿನಲ್ಲೇ ಉಳಿದವು.

ವ್ಯತ್ಯಾಸ ಸ್ಪಷ್ಟ. ಪ್ರತಿಮೆಯ ಕೆಲಸ ನೋಡಿಸಿಕೊಳ್ಳುವುದು. ಪೆಟ್ಟಿಗೆಯ ಕೆಲಸ ಜನರ ಕಾಗದ ತೆಗೆದುಕೊಳ್ಳುವುದು. ಅಮ್ಮನಿಗೆ ಮಗ ಬರೆದ ಕಾಗದವನ್ನೂ, ಅಮೆರಿಕಕ್ಕೆ ವಲಸೆ ಹೋದ ತಂಗಿಗೆ ಅಕ್ಕ ಬರೆದ ಕಾಗದವನ್ನೂ ಅದು ಯಾರ ಮತ, ಯಾರ ಪಕ್ಷ ಎಂದು ಕೇಳದೆ ತೆಗೆದುಕೊಂಡಿತ್ತು. ಹೊಸದಾಗಿ ಎರಕ ಹೊಯ್ದ ಪೆಟ್ಟಿಗೆಗಳ ಮೇಲೆ ಮುಕ್ತ ರಾಜ್ಯದ ಐರಿಷ್ ಹೆಸರಿನ ಮೊದಲಕ್ಷರಗಳು ಬಂದವು. ಹಳೆಯವೂ ಪಕ್ಕದಲ್ಲೇ ದುಡಿಯುತ್ತ ನಿಂತವು. ಇಂದು ಅವುಗಳಲ್ಲಿ ಹಲವು ಕಾನೂನಿನ ರಕ್ಷಣೆ ಪಡೆದ ಪಾರಂಪರಿಕ ವಸ್ತುಗಳು.

ಹೀಗೆ ಹಳೆಯದನ್ನು ಸಹಿಸಿಕೊಳ್ಳುವುದು ಬೇರೆ, ಹೊಸದಾಗಿ ಹೇರಿದ್ದನ್ನು ಸಹಿಸಿಕೊಳ್ಳುವುದು ಬೇರೆ. ಇದು ಸ್ಕಾಟ್ಲೆಂಡಿನಲ್ಲಿ ಗೊತ್ತಾಯಿತು. ಎರಡನೇ ಎಲಿಜಬೆತ್ ರಾಣಿಯಾದ ಮೇಲೆ 1952ರಲ್ಲಿ ಎಡಿನ್‌ಬರೋ ನಗರದ ಒಂದು ಹೊಸ ಬಡಾವಣೆಯಲ್ಲಿ ಅವರ ಮುದ್ರೆಯ ಪೆಟ್ಟಿಗೆ ನಿಂತಿತು. ನಮ್ಮನ್ನು ಒಂದನೇ ಎಲಿಜಬೆತ್ ಎಂದೂ ಆಳಿಲ್ಲ, ಹಾಗಿರುವಾಗ ಈಕೆ ನಮಗೆ ಎರಡನೆಯವರಾಗುವುದು ಹೇಗೆ ಎಂದು ಸ್ಕಾಟರು ಕೇಳಿದರು. ಅದರ ಮೇಲೆ ಟಾರ್ ಸುರಿದರು. 1953ರ ಫೆಬ್ರವರಿಯಲ್ಲಿ ಅದನ್ನು ಸ್ಫೋಟಿಸಿದರು. ನಂತರ ಸ್ಕಾಟ್ಲೆಂಡಿನ ಹೊಸ ಪೆಟ್ಟಿಗೆಗಳಲ್ಲಿ ರಾಣಿಯ ಅಕ್ಷರಗಳ ಬದಲು ಸ್ಕಾಟಿಷ್ ಕಿರೀಟವನ್ನಷ್ಟೇ ಇಟ್ಟರು.

ದಾರಿಯಂಚಿನ ಕಲ್ಲಿಗೂ ಧರ್ಮ

ಐರ್ಲೆಂಡ್ ದ್ವೀಪದ ಉತ್ತರ ಭಾಗ ಬ್ರಿಟನ್ನಿನಲ್ಲೇ ಉಳಿಯಿತು. ಅಲ್ಲಿನ ಪೆಟ್ಟಿಗೆಗಳು ಇಂದಿಗೂ ಕೆಂಪು. ಗಡಿಯಲ್ಲಿ ಕಾವಲು ಗೋಪುರಗಳಿಲ್ಲದ ಈ ದಿನಗಳಲ್ಲಿ, ಬೇರೆ ದೇಶಕ್ಕೆ ಬಂದೆವು ಎಂದು ಪ್ರಯಾಣಿಕನಿಗೆ ತಿಳಿಸುವ ಗುರುತುಗಳಲ್ಲಿ ಅಂಚೆಪೆಟ್ಟಿಗೆಯ ಬಣ್ಣವೂ ಒಂದು.

ಆದರೆ ಉತ್ತರ ಐರ್ಲೆಂಡಿನಲ್ಲಿ ಬಣ್ಣಕ್ಕೆ ಇನ್ನೊಂದು ಮುಖವಿದೆ. ಬೆಲ್‌ಫಾಸ್ಟ್‌ನಂಥ ನಗರಗಳ ಕೆಲವು ಬಡಾವಣೆಗಳಲ್ಲಿ ರಸ್ತೆಯಂಚಿನ ಕಲ್ಲುಗಳಿಗೆ, ದೀಪದ ಕಂಬಗಳಿಗೆ ಜನರೇ ಬಣ್ಣ ಬಳಿಯುತ್ತಾರೆ. ಬ್ರಿಟನ್ ಪರ ಪ್ರೊಟೆಸ್ಟೆಂಟರು ಹೆಚ್ಚಿರುವಲ್ಲಿ ಕೆಂಪು, ಬಿಳಿ, ನೀಲಿ. ಐರಿಷ್ ರಾಷ್ಟ್ರೀಯವಾದಿ ಕ್ಯಾಥೊಲಿಕರು ಹೆಚ್ಚಿರುವಲ್ಲಿ ಹಸಿರು, ಬಿಳಿ, ಕಿತ್ತಳೆ. 1998ರಲ್ಲಿ ಶಾಂತಿ ಒಪ್ಪಂದವಾದ ನಂತರವೂ ಈ ರೂಢಿ ನಿಂತಿಲ್ಲ.

ಅಂಚೆಪೆಟ್ಟಿಗೆಯ ಹಸಿರಿಗೂ ಈ ಕಲ್ಲುಗಳ ಹಸಿರಿಗೂ ಡಬ್ಬದಲ್ಲಿ ಹೆಚ್ಚು ವ್ಯತ್ಯಾಸವಿರಲಾರದು. ಬೀದಿಗೆ ಬಂದಾಗ ಮಾತ್ರ ಅರ್ಥ ಪೂರಾ ಬೇರೆ. ಪೆಟ್ಟಿಗೆಯ ಹಸಿರು ‘ನೀನು ಯಾರಾದರೂ ಸರಿ, ಕಾಗದ ಹಾಕು’ ಎನ್ನುತ್ತದೆ. ಕಲ್ಲಿನ ಹಸಿರಾಗಲಿ, ನೀಲಿಯಾಗಲಿ, ‘ಇದು ನಮ್ಮ ಬೀದಿ, ನೀನು ಯಾರು?’ ಎನ್ನುತ್ತದೆ. ಸಾರ್ವಜನಿಕ ವಸ್ತುವಿನ ಮೇಲೆ ಬಳಿದ ಬಣ್ಣ ಒಳ್ಳೆಯದೋ ಕೆಟ್ಟದ್ದೋ ಎಂದು ಅಳೆಯಲು ಈ ಒಂದು ಪ್ರಶ್ನೆ ಸಾಕು: ಅದು ದಾರಿಹೋಕನನ್ನು ಬಾ ಎನ್ನುತ್ತದೆಯೋ, ಹೋಗು ಎನ್ನುತ್ತದೆಯೋ?

ನಮ್ಮ ಬೀದಿಗೆ ಬಂದರೆ

ಇದೇ ಅಳತೆಗೋಲನ್ನು ಹಿಡಿದು ನಮ್ಮ ಕಡೆಗೂ ನೋಡೋಣ. ಬ್ರಿಟಿಷರ ಕಾಲದಲ್ಲಿ ಬಂದ ಕೆಂಪನ್ನು ಸ್ವತಂತ್ರ ಭಾರತ ಬದಲಿಸಲಿಲ್ಲ. ಹಾಗೆಂದು ಈ ನೆಲದಲ್ಲಿ ಅಂಚೆಗೆ ಕೆಂಪೊಂದೇ ಬಣ್ಣವಾಗಿತ್ತು ಎಂದೇನಿಲ್ಲ. ತಿರುವಾಂಕೂರು ಸಂಸ್ಥಾನಕ್ಕೆ ‘ಅಂಚಲ್’ ಎಂಬ ಸ್ವಂತ ಅಂಚೆಯಿತ್ತು. ಶಂಖದ ಲಾಂಛನವಿದ್ದ ಅದರ ಪೆಟ್ಟಿಗೆಗಳು ಹಸಿರಾಗಿದ್ದವು. 1951ರಲ್ಲಿ ಅದು ಭಾರತೀಯ ಅಂಚೆಯಲ್ಲಿ ಸೇರಿತು. ಮೈಸೂರು ಸಂಸ್ಥಾನದ ಅಂಚೆ ಅದಕ್ಕೂ ಮೊದಲೇ, 1889ರಲ್ಲಿ, ಬ್ರಿಟಿಷ್ ಭಾರತದ ಅಂಚೆಯಲ್ಲಿ ಸೇರಿಹೋಗಿತ್ತು. ಐರ್ಲೆಂಡ್ ಬಣ್ಣ ಬದಲಿಸಿತು, ಭಾರತ ಬದಲಿಸಲಿಲ್ಲ. ಎರಡೂ ಕಡೆ ಕಾಗದಗಳು ತಲುಪಬೇಕಾದಲ್ಲಿಗೆ ತಲುಪಿದವು.

ಆದರೆ ಬೀದಿಯ ಬೇರೆ ವಸ್ತುಗಳ ವಿಷಯದಲ್ಲಿ ನಾವು ಅಷ್ಟು ನಿರಾಳವಾಗಿಲ್ಲ. 2022ರ ನವೆಂಬರ್‌ನಲ್ಲಿ ಮೈಸೂರಿನಿಂದ ಊಟಿಯ ಕಡೆ ಹೋಗುವ ಹೆದ್ದಾರಿಯ ಬದಿಯ ಬಸ್ ತಂಗುದಾಣವೊಂದು ದೇಶಕ್ಕೆಲ್ಲ ಸುದ್ದಿಯಾಯಿತು. ಅದರ ಮೇಲೆ ಮೂರು ಗುಮ್ಮಟಗಳಿದ್ದವು. ನಡುವೆ ಒಂದು ದೊಡ್ಡದು, ಪಕ್ಕದಲ್ಲಿ ಎರಡು ಚಿಕ್ಕವು. ಇದು ಮಸೀದಿಯಂತೆ ಕಾಣುತ್ತದೆ, ಒಡೆಸುತ್ತೇನೆ ಎಂದು ಸಂಸದರೊಬ್ಬರು ಹೇಳಿದರು. ಅವರದೇ ಪಕ್ಷದ ಶಾಸಕರು ಇದು ಮೈಸೂರು ಅರಮನೆಯ ಮಾದರಿ ಎಂದರು. ಕೊನೆಗೆ ಚಿಕ್ಕ ಗುಮ್ಮಟಗಳೆರಡನ್ನೂ ತೆಗೆದರು. ಉಳಿದ ಒಂದಕ್ಕೆ ಕೆಂಪು ಬಣ್ಣ ಬಳಿದರು. ವಿವಾದ ಅಲ್ಲಿಗೆ ತಣ್ಣಗಾಯಿತು.

1912ರಲ್ಲಿ ಪೂರ್ಣಗೊಂಡ ಮೈಸೂರು ಅರಮನೆಯ ಮೇಲೂ ಗುಮ್ಮಟಗಳಿವೆ. ಅದರ ಶೈಲಿಗೆ ‘ಇಂಡೋ ಸಾರ್ಸೆನಿಕ್’ ಎಂದೇ ಹೆಸರು. ಹಿಂದೂ ಅರಸರಿಗಾಗಿ ಒಬ್ಬ ಬ್ರಿಟಿಷ್ ವಾಸ್ತುಶಿಲ್ಪಿ ಮುಸ್ಲಿಂ ವಾಸ್ತುವಿನಿಂದಲೂ ಎರವಲು ತಂದು ಕಟ್ಟಿದ್ದು. ಅದನ್ನು ನೋಡಲು ಬರುವವರು ಯಾರೂ ಗುಮ್ಮಟದ ಧರ್ಮವನ್ನು ಕೇಳುವುದಿಲ್ಲ. ಬಿಸಿಲಿನಿಂದ ತಪ್ಪಿಸಿಕೊಳ್ಳಲು ತಂಗುದಾಣದೊಳಗೆ ನಿಂತವರೂ ಕೇಳಿರಲಿಲ್ಲ. ಕೇಳಿದವರಿಗೆ ಬಸ್ಸು ಹಿಡಿಯುವ ಅಗತ್ಯವಿರಲಿಲ್ಲ.

ಇದನ್ನು ಒಂದು ಕಡೆಯ ತಪ್ಪೆಂದಷ್ಟೇ ಹೇಳಿದರೆ ಪ್ರಾಮಾಣಿಕತೆಯಾಗದು. ಹಬ್ಬ ಬಂದಾಗ, ಮೆರವಣಿಗೆ ಹೊರಟಾಗ ವಿದ್ಯುತ್ ಕಂಬಗಳಿಗೆ, ವೃತ್ತದ ಕಟ್ಟೆಗಳಿಗೆ, ಬಸ್ ನಿಲ್ದಾಣದ ಗೋಡೆಗಳಿಗೆ ತಮ್ಮ ತಮ್ಮ ಬಣ್ಣ ಬಳಿಯುವ ಚಟ ಎಲ್ಲ ಸಮುದಾಯಗಳಲ್ಲೂ ಇದೆ, ನಮ್ಮಲ್ಲೂ ಇದೆ. ಹಸಿರು ಬಳಿದ ಕಂಬದಿಂದ ಇಸ್ಲಾಮಿಗೆ ಯಾವ ಘನತೆಯೂ ಬರುವುದಿಲ್ಲ. ದಾರಿಯಲ್ಲಿ ಬಿದ್ದ ತೊಡಕನ್ನು ತೆಗೆಯುವುದನ್ನು ಈಮಾನಿನ ಭಾಗವೆಂದು ಎಣಿಸುವ ಪರಂಪರೆ ನಮ್ಮದು. ದಾರಿ ಎಲ್ಲರ ಅಮಾನತ್ತು. ಅಮಾನತ್ತಿಗೆ ನಮ್ಮ ಹೆಸರು ಬರೆದುಕೊಳ್ಳುವುದು ನ್ಯಾಯವಲ್ಲ.

ಕೆರೆಯುವ ಕೈ

ಕೊನೆಗೂ ಬಣ್ಣ ಉಳಿಯುವುದು ಆದೇಶದಿಂದಲ್ಲ, ಕೈಕೆಲಸದಿಂದ. ಎರಕದ ಕಬ್ಬಿಣದ ಪೆಟ್ಟಿಗೆಯಲ್ಲಿ ತುಕ್ಕು ಮೊದಲು ಹಿಡಿಯುವುದು ನೀರು ನಿಲ್ಲುವ ಕಡೆ: ನೆಲಕ್ಕೆ ತಾಗುವ ಬುಡದಲ್ಲಿ, ಮೇಲಿನ ಟೋಪಿಯ ಅಂಚಿನ ಕೆಳಗೆ, ಬಾಗಿಲಿನ ಕೀಲಿನಲ್ಲಿ. ತುಕ್ಕಿನ ಮೇಲೆಯೇ ಬಣ್ಣ ಬಳಿದರೆ ಕೆಲವೇ ತಿಂಗಳಲ್ಲಿ ಗುಳ್ಳೆ ಎದ್ದು ಸಿಪ್ಪೆಯಂತೆ ಉದುರುತ್ತದೆ. ಒಳ್ಳೆಯ ಕೆಲಸಗಾರ ಮೊದಲು ಸಡಿಲವಾದ ಬಣ್ಣವನ್ನು ಕೆರೆಯುತ್ತಾನೆ. ತಂತಿಬ್ರಷ್ಷಿನಿಂದ ತುಕ್ಕು ತೆಗೆಯುತ್ತಾನೆ, ಒರೆಸಿ ಒಣಗಿಸುತ್ತಾನೆ. ಆಮೇಲೆ ಪ್ರೈಮರ್, ಒಳಕೋಟ್, ಕೊನೆಗೆ ಹೊಳಪಿನ ಕೋಟ್. ಕೆರೆಯದೆ ಬಳಿಯುತ್ತ ಹೋದರೆ ಪದರ ದಪ್ಪವಾಗಿ ಎರಕದ ಅಕ್ಷರಗಳು ಮುಚ್ಚಿಹೋಗುತ್ತವೆ, ಬಾಗಿಲು ಬಿಗಿಯಾಗುತ್ತದೆ.

ಈ ಕೆರೆತದಲ್ಲಿ ಅಪಾಯವೂ ಇದೆ. ಹಿಂದಿನ ಕಾಲದಲ್ಲಿ ಕಬ್ಬಿಣಕ್ಕೆ ಮೊದಲ ಕೋಟ್ ಆಗಿ ಬಳಿಯುತ್ತಿದ್ದ ಕೆಂಪು ಪುಡಿ ಸೀಸದ ಸಂಯುಕ್ತ. ಹಳೆಯ ಪದರಗಳನ್ನು ಒಣಗಿದ್ದಾಗಲೇ ಉಜ್ಜಿದರೆ ಆ ಸೀಸ ಧೂಳಾಗಿ ಕೆಲಸಗಾರನ ಶ್ವಾಸಕೋಶಕ್ಕೂ, ಅವನ ಬಟ್ಟೆಯ ಮೂಲಕ ಮನೆಯ ಮಕ್ಕಳಿಗೂ ತಲುಪುತ್ತದೆ. ಮಕ್ಕಳ ಮೆದುಳಿಗೆ ಸೀಸ ವಿಷ. ನೀರು ಹಾಕಿ ಒದ್ದೆ ಮಾಡಿ ಉಜ್ಜಬೇಕು, ಮುಖಕ್ಕೆ ಸರಿಯಾದ ಮುಸುಕು ಬೇಕು, ಧೂಳನ್ನು ಕೂಡಿಸಿ ತೆಗೆಯಬೇಕು. ಭಾರತದಲ್ಲಿ ಮನೆಗೆ ಮತ್ತು ಅಲಂಕಾರಕ್ಕೆ ಬಳಸುವ ಬಣ್ಣಗಳಲ್ಲಿ ಸೀಸ 10 ಲಕ್ಷಕ್ಕೆ 90 ಭಾಗಕ್ಕಿಂತ ಹೆಚ್ಚಿರಬಾರದು ಎಂಬ ನಿಯಮ 2016ರಲ್ಲಿ ಬಂತು, 2017ರ ನವೆಂಬರ್‌ನಿಂದ ಜಾರಿಯಾಯಿತು. ಆದರೆ ಬೀದಿಯ ಹಳೆಯ ಕಬ್ಬಿಣದ ಮೇಲೆ ಈಗಾಗಲೇ ಕೂತಿರುವ ಪದರಗಳಿಗೆ ಈ ನಿಯಮ ತಾಗುವುದಿಲ್ಲ. ಅದನ್ನು ಉಜ್ಜುವವನು ಸಾಮಾನ್ಯವಾಗಿ ದಿನಗೂಲಿಯವನು. ಅವನ ಕೈಯಲ್ಲಿ ಉಪ್ಪುಕಾಗದ, ಮುಖಕ್ಕೆ ಒಂದು ಟವೆಲ್.

ಯಾವ ಬಣ್ಣ ಬಳಿಯಬೇಕು ಎಂದು ಸಭೆಗಳಲ್ಲಿ ಗಂಟೆಗಟ್ಟಲೆ ಜಗಳವಾಡುವ ನಮಗೆ ಅದನ್ನು ಬಳಿಯುವವನ ಉಸಿರಿನ ಬಗ್ಗೆ ಕೇಳುವ ಅಭ್ಯಾಸವಿಲ್ಲ. ಐರ್ಲೆಂಡಿನ ಆ ಪೆಟ್ಟಿಗೆಗಳು ನೂರೈವತ್ತು ವರ್ಷ ಬಾಳಿದ್ದು ವಿಕ್ಟೋರಿಯಾ ರಾಣಿಯಿಂದಲೂ ಅಲ್ಲ, 1922ರ ಸಚಿವರಿಂದಲೂ ಅಲ್ಲ. ಕೆಲವು ವರ್ಷಗಳಿಗೊಮ್ಮೆ ಬುಡದ ತುಕ್ಕು ಕೆರೆದು, ಅಕ್ಷರಗಳ ಸಂದಿಯಲ್ಲಿ ಬಣ್ಣ ಕಟ್ಟದಂತೆ ಬ್ರಷ್ ಎಳೆದು, ಡಬ್ಬ ಎತ್ತಿಕೊಂಡು ಮುಂದಿನ ಬೀದಿಗೆ ಹೋದವರಿಂದ. ಅವರಲ್ಲಿ ಯಾರ ಮೊದಲಕ್ಷರವೂ ಆ ಕಬ್ಬಿಣದ ಮೇಲಿಲ್ಲ.